ಉಳಿದ ಕಾರ್ಡು

ಪುಂಜಾಲಕಟ್ಟೆಯಲ್ಲಿ ಜುಲೈ ತಿಂಗಳಲ್ಲಿ ಜಲವರ್ಣದ ಕೆಲಸಕ್ಕೆ ಕೂರುವುದು ಹುಂಬತನ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ನಮ್ಮದು, ಅದರಲ್ಲಿ ಹೆಚ್ಚಿನ ಪಾಲು ಈ ಮೂರು ನಾಲ್ಕು ತಿಂಗಳಲ್ಲೇ. ಬಟ್ಟೆ ಒಣಗುವುದಿಲ್ಲ, ಹಪ್ಪಳ ಮೆತ್ತಗಾಗುತ್ತದೆ, ಪುಸ್ತಕದ ಬೆನ್ನಿಗೆ ಬೂಷ್ಟು ಬರುತ್ತದೆ. ಬಣ್ಣ ಒಣಗಿತು ಅಂದುಕೊಂಡು ಎರಡನೆಯ ಪದರ ಎಳೆದರೆ ಕೆಳಗಿನದ್ದು ಎದ್ದು ಕುಂಚಕ್ಕೆ ಬರುತ್ತದೆ. ಆದರೂ ಈ ವಾರ ನಾನು ಇಪ್ಪತ್ತು ಕಾರ್ಡು ಮಾಡಲು ಕೂತಿದ್ದೇನೆ. ಮಾಡಿದ್ದನ್ನು ಬಚ್ಚಲುಮನೆಯ ಒಲೆಯ ಮೇಲೆ, ಅಮ್ಮ ಬಟ್ಟೆ ಒಣಗಿಸಲು ಕಟ್ಟಿದ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕುತ್ತೇನೆ. ಎಲ್ಲ ಕಾರ್ಡಿಗೂ ಹೊಗೆಯ ವಾಸನೆ. ಇಷ್ಟನ್ನೂ ಮಾಡಿಸುತ್ತಿರುವುದು ಹೋದ ಮಳೆಗಾಲದಲ್ಲಿ ನಾನು ಕಳಿಸಿದ ಒಂದು ಕಾರ್ಡು. ಬಾಯಿ ತೆರೆದು ಒಂದು ಸುಳ್ಳೂ ಹೇಳದೆ ಆ ಕಾರ್ಡಿನ ವಿಷಯದಲ್ಲಿ ನಾನು ಸುಳ್ಳಿಯಾದೆ.

ಪಿಎಚ್.ಡಿ.ಯ ಮೂರನೆಯ ವರ್ಷದಲ್ಲಿ ಹೆಚ್ಚಿನವರಿಗೆ ಒಂದು ಕಾಯಿಲೆ ಬರುತ್ತದೆ. ಓದಿದ್ದು ತಲೆಗೆ ಹೋಗುವುದಿಲ್ಲ, ಬರೆದದ್ದು ನಮಗೇ ಹಿಡಿಸುವುದಿಲ್ಲ, ಕೈ ಮಾತ್ರ ಸುಮ್ಮನಿರಲು ಒಪ್ಪುವುದಿಲ್ಲ. ನನ್ನ ಕೈಗೆ ಸಿಕ್ಕಿದ್ದು ಪೆನ್ಸಿಲ್ ಅಳಿಸುವ ರಬ್ಬರು. ಅದನ್ನು ಬ್ಲೇಡಿನಿಂದ ಕೆತ್ತಿ, ಮನೆಯಲ್ಲಿದ್ದ ಹಳೆಯ ಸ್ಟಾಂಪ್ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಸೀಲು ಹೊಡೆದೆ. ಮೊದಲು ಕೆತ್ತಿದ್ದು ‘ಶುಭ’ ಎಂಬ ಎರಡಕ್ಷರ. ಅಚ್ಚಿನಲ್ಲಿ ಎಲ್ಲವೂ ತಿರುಗಿಯೇ ಇರಬೇಕು ಎಂಬ ಎಚ್ಚರವಿಲ್ಲದೆ ನೇರ ಅಕ್ಷರವನ್ನೇ ಕೆತ್ತಿದ್ದರಿಂದ ಶುಭವು ಕಾಗದದ ಮೇಲೆ ಬೆನ್ನು ತೋರಿಸಿ ನಿಂತಿತ್ತು. ಆಮೇಲೆ ಉಪಾಯ ಕಲಿತೆ. ತೆಳು ಕಾಗದದಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದು, ಮಗುಚಿ, ರಬ್ಬರಿನ ಮೇಲಿಟ್ಟು ಉಜ್ಜಿದರೆ ತಿರುಗಿದ ಅಕ್ಷರ ತಾನಾಗಿ ಮೂಡುತ್ತದೆ. ಒತ್ತಕ್ಷರ ಕೆತ್ತುವಾಗ ಮಾತ್ರ ನಮ್ಮ ಲಿಪಿಯನ್ನು ಇಷ್ಟು ದುಂಡಗೆ ಮಾಡಿದವರ ಮೇಲೆ ಈಗಲೂ ಸಿಟ್ಟು ಬರುತ್ತದೆ.

ಸ್ವಲ್ಪ ಧೈರ್ಯ ಬಂದ ಮೇಲೆ ಎರಡು ಚಿತ್ರ ಬರೆದು ಬಿ.ಸಿ.ರೋಡಿನಲ್ಲಿ ಸೀಲು ಮಾಡಿಕೊಡುವ ಅಂಗಡಿಗೆ ಕೊಟ್ಟೆ: ಒಂದು ಕೇಪಳ ಹೂವಿನ ಗೊಂಚಲು, ಇನ್ನೊಂದು ಕೆಸುವಿನ ಎಲೆ. ನಮ್ಮ ಮನೆಯಿಂದ ಬೆಳ್ತಂಗಡಿ ಕಡೆಗೆ ಹೋದರೆ ಅಲ್ಲಲ್ಲಿ ಗುಡ್ಡದ ತುಂಬ ರಬ್ಬರ್ ಮರಗಳು. ಆ ಮರದ ಹಾಲು ಹಾಗೆಯೇ ಸೀಲಿಗೆ ಆಗುವುದಿಲ್ಲ. ಸೆಕೆಗೆ ಅಂಟಾಗುತ್ತದೆ, ಚಳಿಗೆ ಗಡುಸಾಗುತ್ತದೆ. ಗಂಧಕ ಸೇರಿಸಿ ಕಾಯಿಸಿದರೆ ಅದು ಪಳಗುತ್ತದೆ ಎಂದು ಕಂಡುಕೊಂಡ ಚಾರ್ಲ್ಸ್ ಗುಡ್‌ಇಯರ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1844ರಲ್ಲಿ. ಒತ್ತಿದಾಗ ಬಗ್ಗಿ, ಬಿಟ್ಟಾಗ ಮೊದಲಿನಂತಾಗುವ ಆ ಗುಣ ಇರುವುದರಿಂದಲೇ ನನ್ನ ನೂರನೆಯ ಕೆಸುವಿನ ಎಲೆ ಮೊದಲನೆಯದರ ಹಾಗೆಯೇ ಬೀಳುತ್ತದೆ.

ಸೀಲಿನ ಗೆರೆಯೊಳಗೆ ಬಣ್ಣ ತುಂಬುವುದು ಕಾಣುವಷ್ಟು ಸುಲಭವಲ್ಲ. ಆಫೀಸುಗಳಲ್ಲಿ ಇರುವ ನೇರಳೆ ಇಂಕು ನೀರು ತಾಗಿದ ಕೂಡಲೇ ಹರಡುತ್ತದೆ. ಹರಡದ ಇಂಕು ಬೇರೆ ಇದೆ, ನೀರಿನಲ್ಲಿ ಕರಗದ ಬಣ್ಣದ ಪುಡಿ ಹಾಕಿ ಮಾಡಿದ್ದು. ಅದಕ್ಕೆ ಬೆಲೆ ಜಾಸ್ತಿ. ಕಾಗದ 300 ಜಿಎಸ್‌ಎಂ ಆದರೆ ನೀರಿಗೆ ಡೊಂಕಾಗುವುದು ಕಡಿಮೆ. ನಾನು ಎಲೆಯ ಒಂದು ಅಂಚಿನಲ್ಲಿ ಹಸಿರು ಇಟ್ಟು, ಬರೀ ನೀರಿನ ಕುಂಚದಿಂದ ಅದನ್ನು ಇನ್ನೊಂದು ಅಂಚಿನ ತನಕ ಎಳೆಯುತ್ತೇನೆ. ಬಣ್ಣ ತನ್ನಷ್ಟಕ್ಕೆ ತೆಳುವಾಗುತ್ತ ಹೋಗುತ್ತದೆ. ಎಲೆಯ ಮೇಲೆ ನಿಂತ ನೀರಹನಿಗೆ ಬಣ್ಣವೇ ಇಲ್ಲ. ಆ ಜಾಗವನ್ನು ಮುಟ್ಟದೆ ಬಿಡಬೇಕು. ಒಂದು ಕಾರ್ಡಿಗೆ ಸೀಲು ಹೊಡೆಯಲು ಎರಡು ಸೆಕೆಂಡು, ಬಣ್ಣಕ್ಕೆ ಇಪ್ಪತ್ತು ನಿಮಿಷ.

ಒಂದು ಡಿಸೆಂಬರಿನಲ್ಲಿ ಕಾಲೇಜೊಂದರ ಸಂತೆಯಲ್ಲಿ ಮೇಜು ಹಾಕಿ 24 ಕಾರ್ಡು ಮಾರಲು ಇಟ್ಟೆ, ಒಂದಕ್ಕೆ 40 ರೂಪಾಯಿ. ಮೇಜಿನ ಮುಂದೆ ‘ಕೈಯಲ್ಲೇ ಮಾಡಿದ್ದು’ ಎಂದು ಬೋರ್ಡು. ಹಿಂದಿನ ರಾತ್ರಿ ಆ ಬೋರ್ಡು ನೋಡಿ ಅಮ್ಮ ನಕ್ಕಳು. ಅಮ್ಮ ಮದುವೆಗೂ ಮೊದಲಿಂದ ಬೀಡಿ ಕಟ್ಟಿದವಳು. ಮಡಿಲಲ್ಲಿ ಗೆರಸೆ, ತಗಡಿನ ಅಳತೆ ಇಟ್ಟು ಕತ್ತರಿಸಿದ ಎಲೆ, ಚಿಟಿಕೆ ಹೊಗೆಸೊಪ್ಪು, ಎರಡು ಸುತ್ತು ನೂಲು. ಸಾವಿರಕ್ಕೆ ಇಷ್ಟು ಎಂದು ಮಜೂರಿ. "ಬೀಡಿಯೂ ಕೈಯಲ್ಲೇ ಮಾಡಿದ್ದಲ್ವಾ? ಬ್ರಾಂಚಿನವರಿಗೂ ಒಂದು ಬೋರ್ಡು ಹಾಕ್ಲಿಕ್ಕೆ ಹೇಳಬೇಕಿತ್ತು" ಅಂದಳು. (ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.)

ಅಮ್ಮನದ್ದು ಬರೀ ತಮಾಷೆಯಲ್ಲ. ಕೈಕೆಲಸ ಎಂಬ ಮಾತಿಗೆ ಪೇಟೆಯಲ್ಲಿ ಈಗ ಬಂದಿರುವ ಮರ್ಯಾದೆ ಬಂಟ್ವಾಳ ತಾಲೂಕಿನ ಬೀಡಿ ಕಟ್ಟುವ ಜಗಲಿಗಳಿಗೆ ಯಾವತ್ತೂ ಬಂದಿರಲಿಲ್ಲ. ಬೀಡಿ ಎಲೆ ಕತ್ತರಿಸುವುದರಿಂದ ಬಾಯಿ ಮಡಚುವ ತನಕ ಎಲ್ಲವೂ ಬೆರಳಿನದ್ದೇ ಕೆಲಸ, ಆದರೆ ಅದನ್ನು ಯಾರಿಗೋಸ್ಕರವೂ ಮಾಡಿದ್ದಲ್ಲ. ಯಾರು ಸೇದುತ್ತಾರೆಂದು ಕಟ್ಟುವವಳಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹಾಗಾದರೆ ನನ್ನ ಬೋರ್ಡು ಏನನ್ನು ಮಾರುತ್ತಿತ್ತು? ‘ಕೈಯಿಂದ’ ಎಂದು ಬರೆದು ‘ನಿಮಗೋಸ್ಕರ’ ಎಂದು ಓದಿಸಿಕೊಳ್ಳುವ ಚಾಲಾಕು ಅದರಲ್ಲಿತ್ತೇ? ಆ ರಾತ್ರಿ ಇದು ತಲೆಗೆ ಹೋಗಲಿಲ್ಲ. ಮರುದಿನ 23 ಕಾರ್ಡು ಖರ್ಚಾದವು. ಒಂದು ಉಳಿಯಿತು. ಕೊನೆಗೆ ಒಳ್ಳೆಯ ಇಂಕು ಮುಗಿದು ಆಫೀಸಿನ ಪ್ಯಾಡಿನಲ್ಲೇ ಒತ್ತಿದ್ದ ಕೆಸುವಿನ ಎಲೆ ಅದು. ಹಸಿರು ಎಳೆದ ಕೂಡಲೇ ನೇರಳೆ ಗೆರೆ ಕದಡಿ, ಎಲೆಯ ಬಲಬದಿಯೆಲ್ಲ ಬೂದಿ-ನೀಲಿಯ ಕಲೆಯಾಗಿ ಕೆಳಗೆ ಹರಿದಿತ್ತು. ಎತ್ತಿ ಫೈಲಿನೊಳಗೆ ಇಟ್ಟೆ.

ಏಳು ತಿಂಗಳ ಮೇಲೆ, ಜುಲೈಯಲ್ಲಿ, ನನ್ನ ಗೆಳತಿಯ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಶಾಲೆಗೆ ಹೋಗುವಾಗ ಚಿಲ್ಲರೆ ಇಲ್ಲ ಅಂದರೆ "ನಾಳೆ ಕೊಡು" ಎಂದು ಹೇಳಿ ಮರುದಿನ ಕೇಳದವರು. ನಾನು ಆಗ ಮೈಸೂರಿನಲ್ಲಿ, ಒಂದು ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಮುಂದೆ ಕೂತಿದ್ದೆ. ಅಧ್ಯಾಯ ಒಪ್ಪಿಸುವ ದಿನ ಹತ್ತಿರವಿತ್ತು. ಹೊರಟುಬರಬಹುದಿತ್ತು, ರಾತ್ರಿ ಬಸ್ಸುಗಳಿವೆ. ಬರಲಿಲ್ಲ. ಚೀಲದಲ್ಲಿದ್ದ ಫೈಲಿನಿಂದ ಆ ಉಳಿದ ಕಾರ್ಡು ತೆಗೆದು, ಒಳಗೆ ‘ನೆನಪಿನೊಂದಿಗೆ’ ಎಂಬ ಸೀಲು ಹೊಡೆದು, ಕೆಳಗೆ ಎರಡು ಸಾಲು ಬರೆದು ಅಂಚೆಗೆ ಹಾಕಿದೆ. ಎಲ್ಲ ಸೇರಿ ಐದು ನಿಮಿಷದ ಕೆಲಸ.

ಬೊಜ್ಜದ ದಿನಕ್ಕೆ ಊರಿಗೆ ಬಂದೆ. ನಮ್ಮ ಕಡೆ ಸಾವಿನ ಕಾಗದವನ್ನು ಮನೆಯೊಳಗೆ ಇಟ್ಟುಕೊಳ್ಳುವ ಕ್ರಮ ಇಲ್ಲ. ಓದಿ ಹರಿದು ಹಾಕುವುದೇ ರೂಢಿ. ಆದರೆ ಗೆಳತಿಯ ಅಮ್ಮ ಆ ಕಾರ್ಡನ್ನು ಗಂಡನ ತೋಲಿನ ಟಿಕೆಟ್ ಚೀಲದೊಳಗೆ ಇಟ್ಟಿದ್ದರು. ಮನೆಯ ಅಜ್ಜಿ ಬೇಡವೆಂದರೂ ಕೇಳಲಿಲ್ಲವಂತೆ. ಊಟದ ಚಪ್ಪರದಲ್ಲಿ ನಾಲ್ಕಾರು ಮಂದಿ ಹೆಂಗಸರ ಎದುರು ಅದನ್ನು ತೆಗೆದು ತೋರಿಸಿದರು. "ಇವಳೇ ಮಾಡಿದ್ದು, ನಮ್ಮವರಿಗೋಸ್ಕರ. ನೋಡಿ, ಎಲೆಯ ಮೇಲೆ ಮಳೆ ಬಿದ್ದ ಹಾಗೆ ಮಾಡಿದ್ದಾಳೆ. ಅವರು ಹೋದ ದಿನವೂ ಹೀಗೇ ಹೊಯ್ಯುತ್ತಿತ್ತು."

ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಅಂದುಕೊಂಡರು.

ಸಂಶೋಧನೆ ಮಾಡುವವರಿಗೆ ಒಂದು ಸೌಕರ್ಯ ಇದೆ: ತಪ್ಪು ಮಾಡಿದ ಮೇಲೆ ಓದಲು ಪುಸ್ತಕ ಸಿಗುತ್ತದೆ. ನೆಲ್ಸನ್ ಗುಡ್‌ಮನ್ ಎಂಬ ಅಮೆರಿಕದ ತತ್ತ್ವಜ್ಞಾನಿ 1968ರ ‘ಲ್ಯಾಂಗ್ವೇಜಸ್ ಆಫ್ ಆರ್ಟ್’ ಪುಸ್ತಕದಲ್ಲಿ ಅಸಲು-ನಕಲುಗಳ ಬಗ್ಗೆ ಬರೆದಿದ್ದಾನೆ. ಬಣ್ಣದ ಚಿತ್ರಕ್ಕೆ ಅಸಲು ಒಂದೇ. ಆದರೆ ತಾಮ್ರದ ತಗಡಿನಲ್ಲಿ ಕೊರೆದು ತೆಗೆದ ಅಚ್ಚುಗಳು ಹಾಗಲ್ಲ. ಆ ತಗಡಿನಿಂದ ಬಂದ ಪ್ರತಿಯೊಂದೂ ಅಸಲೇ, ಒಂದು ಇನ್ನೊಂದರ ನಕಲಲ್ಲ. ಓದಿ ಸಮಾಧಾನವಾಯಿತು. ನನ್ನ ಕಾರ್ಡಿನ ಗೆರೆ ಅಚ್ಚಿನ ಜಾತಿ, ಬಣ್ಣ ಚಿತ್ರದ ಜಾತಿ. ಎರಡು ಕಡೆಯಿಂದಲೂ ಅದು ಅಸಲು.

ಇದಕ್ಕೆ ಗುಡ್‌ಮನ್ನನವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಅಷ್ಟಮಿಯ ದಿನ ಅಕ್ಕಿಹಿಟ್ಟಿನ ನೀರಿನಲ್ಲಿ ಮುಷ್ಟಿ ಅದ್ದಿ, ಕಿರುಬೆರಳಿನ ಬದಿಯನ್ನು ನೆಲಕ್ಕೆ ಒತ್ತಿ, ಮೇಲೆ ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಕೃಷ್ಣನ ಪಾದ. ಹೊಸಿಲಿನಿಂದ ದೇವರ ಕೋಣೆಯವರೆಗೆ ಅದೇ ಪಾದ. ಎರಡನೆಯ ಹೆಜ್ಜೆ ಮೊದಲನೆಯದರ ನಕಲು ಎಂದು ಯಾವ ಮಗುವೂ ಹೇಳಿಲ್ಲ. ಆಷಾಢ ಶುದ್ಧ ಏಕಾದಶಿಗೆ ಉಡುಪಿಯ ಮಠದಲ್ಲಿ ಕಾಯಿಸಿದ ಶಂಖ-ಚಕ್ರಗಳ ಮುದ್ರೆ ಹಾಕಿಸಿಕೊಳ್ಳಲು ಸಾಲು ನಿಲ್ಲುವವರಲ್ಲಿ ಯಾರೂ ಇದು ನನ್ನ ಮುಂದಿನವನಿಗೆ ಒತ್ತಿದ್ದೇ ಅಲ್ಲವೇ ಎಂದು ಬೇಸರಿಸುವುದಿಲ್ಲ. ಒಂದೇ ಮುದ್ರೆ ಎಂಬುದೇ ಅಲ್ಲಿಯ ಮಹತ್ವ.

ಹೀಗೆ ಕೆಲವು ದಿನ ನನ್ನ ಪರವಾಗಿ ನಾನೇ ವಾದಿಸಿದೆ. ವಾದದಲ್ಲಿ ತಪ್ಪಿರಲಿಲ್ಲ, ಆದರೆ ಅದು ಕೇಳದ ಪ್ರಶ್ನೆಗೆ ಉತ್ತರವಾಗಿತ್ತು. ಕಾರ್ಡು ಅಸಲೋ ನಕಲೋ ಎಂದು ಗೆಳತಿಯ ಅಮ್ಮ ಕೇಳಿರಲಿಲ್ಲ. ಅವರು ಹೇಳಿದ್ದು ‘ನಮ್ಮವರಿಗೋಸ್ಕರ’ ಎಂದು. ನಮ್ಮೂರಲ್ಲಿ ಮದುವೆಯ ಕಾಗದ ಸಾವಿರ ಅಚ್ಚು ಹಾಕಿಸುತ್ತಾರೆ. ಎಲ್ಲದರಲ್ಲೂ ಅದೇ ಗಣಪತಿ, ಅದೇ ಒಕ್ಕಣೆ. ಅದಕ್ಕೆ ಯಾರೂ ಮುನಿಸಿಕೊಂಡಿಲ್ಲ. ಮುನಿಸು ಬರುವುದು ಕಾಗದ ಹಿಡಿದು ಮನೆಗೆ ಬಂದು ಹೇಳದಿದ್ದಾಗ. ‘ನಮಗೆ ಹೇಳಿಕೆ ಇಲ್ಲ’ ಎಂಬ ಒಂದೇ ಕಾರಣಕ್ಕೆ ದಶಕಗಟ್ಟಲೆ ಮಾತು ಬಿಟ್ಟ ಮನೆಗಳನ್ನು ನಾನು ಬಲ್ಲೆ. ಸಾವಿರದಲ್ಲಿ ಒಂದಾದ ಕಾಗದ ಈ ಮನೆಯದಾಗುವುದು ಅಂಗಳ ಹತ್ತಿ ಬಂದವರ ಕಾಲಿನಿಂದ. ನಾನು ಐದು ನಿಮಿಷ ಕೊಟ್ಟವಳು. ಅಂಗಳ ಹತ್ತಲಿಲ್ಲ.

ಶುಭಾಶಯ ಪತ್ರದ ಚರಿತ್ರೆ ನೋಡಿದರೆ ನನ್ನದೇನೂ ಹೊಸ ರೋಗವಲ್ಲ ಎಂದು ಗೊತ್ತಾಗುತ್ತದೆ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು 1843ರದ್ದು, ಲಂಡನ್ನಿನಲ್ಲಿ. ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಬಂದ ಪತ್ರಗಳಿಗೆಲ್ಲ ಉತ್ತರ ಬರೆಯಲು ಪುರುಸೊತ್ತು ಇರಲಿಲ್ಲ. ಜಾನ್ ಕ್ಯಾಲ್‌ಕಾಟ್ ಹಾರ್ಸ್‌ಲೀ ಎಂಬ ಕಲಾವಿದನಿಂದ ಚಿತ್ರ ಬರೆಸಿ, ಕಲ್ಲಚ್ಚಿನಲ್ಲಿ ಸುಮಾರು ಸಾವಿರ ಪ್ರತಿ ತೆಗೆಸಿ, ಒಂದೊಂದಕ್ಕೂ ಕೈಯಿಂದ ಬಣ್ಣ ಹಾಕಿಸಿದ. ಅಚ್ಚಿನ ಗೆರೆ, ಕೈಯ ಬಣ್ಣ, ನಾನು ಮಾಡುವುದೂ ಅದನ್ನೇ. ಪಡೆಯುವವರ ಹೆಸರಿಗೂ ಕಳಿಸುವವರ ಹೆಸರಿಗೂ ಖಾಲಿ ಜಾಗ ಬಿಟ್ಟಿತ್ತು. ಉಳಿದ ಪ್ರತಿಗಳು ಒಂದು ಶಿಲ್ಲಿಂಗಿಗೆ ಮಾರಾಟವಾದವು. ಜನ ಆಕ್ಷೇಪಿಸಿದ್ದು ಚಿತ್ರದಲ್ಲಿ ಮಗುವಿಗೂ ವೈನ್ ಕುಡಿಸುತ್ತಿದ್ದಾರೆ ಎಂದು. ಅದೇ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಅಚ್ಚು ಹಾಕಿದ್ದು ಕೂಡ ಕಲ್ಲಚ್ಚಿನಲ್ಲೇ. ಸಮಾಚಾರ ಎಲ್ಲರಿಗೂ ಒಂದೇ ಆಗಿರಬೇಕು, ಅದು ಪತ್ರಿಕೆಯ ನ್ಯಾಯ. ಆದರೆ ಕಾರ್ಡು ಎಲ್ಲರಿಗೂ ಒಂದೇ ಆಗಿದ್ದುಕೊಂಡು ಪ್ರತಿಯೊಬ್ಬರಿಗೂ ‘ನಿನಗೆ ಮಾತ್ರ’ ಎಂದು ಹೇಳಬೇಕು. ಪುರುಸೊತ್ತಿಲ್ಲದ ಮನುಷ್ಯ ಹುಟ್ಟಿಸಿದ ವಸ್ತು ಪುರುಸೊತ್ತು ಕೊಟ್ಟಂತೆ ಕಾಣಿಸುವ ಕೆಲಸ ಮಾಡುತ್ತದೆ. ಇದನ್ನು ನಾನು ಕೋಲ್‌ನ ಮೇಲೆ ಹೊರಿಸುವ ಆಪಾದನೆ ಎಂದು ತಿಳಿಯಬೇಡಿ. ಅವನು ಹಸ್ತಾಕ್ಷರ ಹಾಕಿದ್ದನ್ನು ಪತ್ರ ಎಂದು ಯಾರಿಗೂ ಹೇಳಿರಲಿಲ್ಲ.

ಇನ್ನು ನನ್ನ ಮೌನ. ಕಾಂಟ್ 1797ರಲ್ಲಿ ಬರೆದ ಒಂದು ಲೇಖನದಲ್ಲಿ, ಕೊಲೆಗಾರ ಬಾಗಿಲಿಗೆ ಬಂದು ‘ನಿನ್ನ ಗೆಳೆಯ ಒಳಗಿದ್ದಾನೆಯೇ’ ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಮಗಿಲ್ಲ ಎನ್ನುತ್ತಾನೆ. ಎಂ.ಎ. ತರಗತಿಯಲ್ಲಿ ನಾವೆಲ್ಲ ಒಂದು ಗಂಟೆ ಕಾಂಟ್‌ನನ್ನು ಬೈದಿದ್ದೆವು. ಈಗ ನೋಡಿದರೆ ಅಷ್ಟು ಕಠಿಣನಾದವನ ಕೈಗೂ ನಾನು ಸಿಕ್ಕಿಬೀಳುವುದಿಲ್ಲ; ನಾನು ಬಾಯಿಯನ್ನೇ ತೆರೆದಿರಲಿಲ್ಲ. ಮಾತಿಗೆ ಮಾತ್ರ ಲೆಕ್ಕ ಇಡುವ ನೀತಿಯ ಕಷ್ಟ ಇದು. ತಗ್ಗಿಸಿದ ತಲೆ ಯಾವ ಖಾತೆಗೂ ಹೋಗುವುದಿಲ್ಲ.

ಆ ದಿನ ಚಪ್ಪರದಲ್ಲಿ ಹೇಳದಿದ್ದುದು ಸರಿ ಎಂದೇ ಈಗಲೂ ನನಗನಿಸುತ್ತದೆ. ಹದಿಮೂರು ದಿನದ ವಿಧವೆಯ ಎದುರು, ನೆಂಟರ ನಡುವೆ, ‘ಅದು ಮಾರಾಟವಾಗದೆ ಉಳಿದದ್ದು’ ಎಂದು ಹೇಳಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು, ಬೆಲೆ ಅವರು ತೆರಬೇಕಿತ್ತು. ಆ ದಿನದ್ದಕ್ಕೆ ಕಾರಣವಿತ್ತು. ಮರುವಾರ ಹೇಳದಿದ್ದುದಕ್ಕೆ ಇರಲಿಲ್ಲ. ತಿಂಗಳು ಕಳೆದಂತೆ ಕಾರಣ ಸವೆದು ನಾಚಿಕೆ ಮಾತ್ರ ಉಳಿಯಿತು.

ಅಕ್ಟೋಬರಿನಲ್ಲಿ ಗೆಳತಿಗೆ ಹೇಳಿದೆ. ಮಡಂತ್ಯಾರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಅವಳು ರಸ್ತೆ ನೋಡುತ್ತಲೇ, "ಗೊತ್ತಿತ್ತು ಮಾರಾಯ್ತಿ" ಅಂದಳು. "ಹಿಂದೆ ಪೆನ್ಸಿಲಿನಲ್ಲಿ 40 ಅಂತ ಬರೆದಿತ್ತು. ಅಮ್ಮನಿಗೆ ಕೊಡುವ ಮೊದಲು ನಾನೇ ಉಜ್ಜಿ ತೆಗೆದೆ."

ಸಂತೆಯ ಹಿಂದಿನ ರಾತ್ರಿ ಬರೆದ ಬೆಲೆ ಅದು. ಕಾರ್ಡನ್ನು ಒಮ್ಮೆ ಮಗುಚಿ ನೋಡುವಷ್ಟು ಹೊತ್ತೂ ನಾನು ಕೊಟ್ಟಿರಲಿಲ್ಲ. ಅಪ್ಪ ತೀರಿಕೊಂಡ ವಾರದಲ್ಲಿ ಅವಳು ಒಂದು ರಬ್ಬರು ಹುಡುಕಿ, ಕಾಗದ ಹರಿಯದ ಹಾಗೆ ಅಳಿಸಿ, ತನ್ನ ಅಮ್ಮನಿಗೆ ಅದು ತನಗೋಸ್ಕರವೇ ಬಂದದ್ದು ಎನಿಸುವಂತೆ ಮಾಡಿದ್ದಳು. ಸಿಟ್ಟು ಬರಲಿಲ್ಲವಾ ಎಂದು ಕೇಳಿದೆ. "ಬಂತು. ಉಳಿದ ಕಾರ್ಡು ಕಳಿಸಿದ್ದಕ್ಕಲ್ಲ. ನೀನು ಬಾರದ್ದಕ್ಕೆ." ಅಷ್ಟರಲ್ಲಿ ಬಸ್ಸು ಬಂತು. ಇಬ್ಬರಿಗೂ ಸೀಟು ಬೇರೆ ಬೇರೆ ಕಡೆ ಸಿಕ್ಕಿತು.

ಆ ಕಾರ್ಡಿನ ಮೇಲೆ ಯಾರು ಎಷ್ಟು ಕೈ ಆಡಿಸಿದ್ದಾರೆ ಎಂದು ಅಂದು ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಸೀಲು ಅಂಗಡಿಯವರದ್ದು, ಹಸಿರು ನನ್ನದು, ಕಲೆ ಇಂಕಿನದ್ದು. ಅವರಿಗೋಸ್ಕರ ಮಾಡಿದ ಕೆಲಸ ಎಂದು ಅದರಲ್ಲಿ ಇದ್ದದ್ದು ಆ ಅಳಿಸಿದ ಮೂಲೆ ಒಂದೇ, ಅದು ನನ್ನದಲ್ಲ. ಅವಳು ಅಮ್ಮನಿಂದ ಸತ್ಯ ಮುಚ್ಚಿಟ್ಟಳು, ನಾನೂ ಮುಚ್ಚಿಟ್ಟೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನ್ನಿಂದಾಗುವುದಿಲ್ಲ. ಅವಳು ಮುಚ್ಚಿದ್ದು ಅಮ್ಮನಿಗಾಗಿ, ನಾನು ನನಗಾಗಿ. ಕಾಂಟ್ ಇದನ್ನು ಒಪ್ಪಲಿಕ್ಕಿಲ್ಲ.

ಈ ಜೂನಿನಲ್ಲಿ ಗೆಳತಿಯ ಅಮ್ಮ ಹೇಳಿಕಳಿಸಿದರು. ಹೋದೆ. ವರ್ಷಾಂತಿಕಕ್ಕೆ ಬರುವ ಹತ್ತಿರದವರಿಗೆ, ಅವರ ಜತೆ ಬಸ್ಸಿನಲ್ಲಿದ್ದವರಿಗೆ ಕೊಡಲು ಅಂಥದ್ದೇ ಇಪ್ಪತ್ತು ಕಾರ್ಡು ಬೇಕಂತೆ. "ಅದೇ ಎಲೆ. ಮಳೆ ಬಿದ್ದ ಹಾಗೆಯೇ ಇರಬೇಕು." ನನಗೆ ಒಳಗೊಳಗೇ ನಗು ಬಂತು, ಅಳುವೂ. ಒಂದೇ ಒಂದು ಎಂದು ಅವರು ನಂಬಿದ್ದಾರೆಂದು ನಾನು ವರ್ಷವಿಡೀ ಕೊರಗಿದ್ದರೆ ಅವರು ಇಪ್ಪತ್ತು ಕೇಳುತ್ತಿದ್ದರು. ಇನ್ನು ಹೇಳದೆ ಇರಲು ಆಗಲಿಲ್ಲ. ಸಂತೆ, ಉಳಿದದ್ದು, ಇಂಕು ಕದಡಿದ್ದು, ಎಲ್ಲವನ್ನೂ ಹೇಳಿದೆ. ಬೆಲೆಯ ವಿಷಯ ಮಾತ್ರ ಹೇಳಲಿಲ್ಲ. ಅದು ಗೆಳತಿಯ ಗುಟ್ಟು, ಹೇಳುವುದಿದ್ದರೆ ಅವಳೇ ಹೇಳಲಿ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರೂ ಬೀಡಿ ಕಟ್ಟುವವರೇ. "ಅದಕ್ಕೆಂತ ಈಗ?" ಅಂದರು. "ಕಟ್ಟು ಸರಿಯಾಗದ್ದನ್ನು ನಾನು ಬ್ರಾಂಚಿಗೆ ಕೊಂಡುಹೋಗ್ತಿರಲಿಲ್ಲ. ಅದನ್ನೆಲ್ಲ ಸೇದಿದ್ದು ಇವರೇ."

ಇದನ್ನು ಕ್ಷಮೆ ಎಂದು ತೆಗೆದುಕೊಂಡು ಮನೆಗೆ ಬರಬಹುದಿತ್ತು. ಆದರೆ ಅವರ ಗಂಡನಿಗೆ ತಾನು ಸೇದುತ್ತಿರುವುದು ಉಳಿದದ್ದು ಎಂದು ಗೊತ್ತಿತ್ತು. ಅವರಿಬ್ಬರ ನಡುವೆ ಅದು ಬಚ್ಚಿಟ್ಟ ಮಾತಾಗಿರಲಿಲ್ಲ. ಉಳಿದದ್ದನ್ನು ಕೊಟ್ಟದ್ದನ್ನು ಅವರು ಮನ್ನಿಸಿದರು. ಹನ್ನೊಂದು ತಿಂಗಳು ಹೇಳದೆ ಇದ್ದುದರ ಬಗ್ಗೆ ಅವರು ಏನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಈಗ ಒಳ್ಳೆಯ ಇಂಕನ್ನು ಬದಿಗಿಟ್ಟು ಹಳೆಯ ನೇರಳೆ ಪ್ಯಾಡಿನಲ್ಲೇ ಒತ್ತುತ್ತಿದ್ದೇನೆ. ಅಂದು ತಪ್ಪಿ ಆದದ್ದನ್ನು ಬೇಕೆಂದೇ ಮಾಡುವುದು ಕಷ್ಟ. ನೀರು ಹೆಚ್ಚಾದರೆ ಎಲೆಯೇ ಕಾಣುವುದಿಲ್ಲ, ಕಡಿಮೆಯಾದರೆ ಮಳೆ ಬೀಳುವುದಿಲ್ಲ. ಒಂದರ ಹಾಗೆ ಇನ್ನೊಂದು ಬಂದಿಲ್ಲ. ಎರಡನ್ನು ಹರಿದು ಹಾಕಿ ಪುನಃ ಮಾಡಿದೆ. ಗೆಳತಿ ನಿನ್ನೆ ಸಂಜೆ ಬಂದು ಹೆಸರುಗಳ ಪಟ್ಟಿ ಕೊಟ್ಟು, ಒಲೆಯ ಮೇಲಿನ ಹಗ್ಗದಿಂದ ಒಂದೊಂದನ್ನೇ ಇಳಿಸಿ, ಹಿಂಬದಿ ತಿರುಗಿಸಿ ನೋಡಿ, ಏನೂ ಹೇಳದೆ ವಾಪಸು ಸಿಕ್ಕಿಸಿದಳು. ಹದಿನೇಳು ಒಣಗಿವೆ. ಮೂರು ಇನ್ನೂ ಒದ್ದೆ. ವರ್ಷಾಂತಿಕಕ್ಕೆ ಐದು ದಿನ ಇದೆ.